ಕೂದಲೆಳೆಯ ಅಂತರದಲ್ಲಿ ಗುಂಡಿನ ಗುರಿ

ಹೊಸಪೇಟೆಯಿಂದ ಹಂಪಿಗೆ ಹೊರಟ ಶಾಲಾ ಪ್ರವಾಸದ ಬಸ್ಸು ಕಡ್ಡಿರಾಂಪುರದಲ್ಲಿ ನಿಲ್ಲುವುದು ಅಪರೂಪ. ಮಕ್ಕಳ ಕಣ್ಣೆಲ್ಲ ಮುಂದೆ ಕಾಣಲಿರುವ ವಿರೂಪಾಕ್ಷನ ಗೋಪುರದ ಮೇಲೆ. ಆದರೆ ಈ ಊರಿನ ಬಳಿಯೇ ಇಸ್ಲಾಮಿ ಶೈಲಿಯ ಎರಡು ಹಳೆಯ ಗೋರಿಗಳಿವೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸವಾರರೂ ಬಿಲ್ಲಾಳುಗಳೂ ಇದ್ದರೆಂಬ ಮಾತನ್ನು ನೆನಪಿಸುವ ಗುರುತುಗಳು ಅವು. ಅದೇ ಸೈನ್ಯಕ್ಕೆ 1520ರಲ್ಲಿ ಇನ್ನೊಂದು ಬಗೆಯ ಹೊರಗಿನವರೂ ಬಂದು ಸೇರಿದರು: ಕೋವಿ ಹಿಡಿದ ಪೋರ್ಚುಗೀಸರು.

ಆ ವರ್ಷ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬಾತ ಇಪ್ಪತ್ತು ಮಂದಿ ಕೋವಿಗಾರರೊಡನೆ ಅಲ್ಲಿದ್ದ. ಕೋಟೆಯ ಮೇಲಿನ ಕಾವಲುಗಾರರು ತಲೆ ಹೊರಗೆ ಹಾಕಿದರೆ ಸಾಕು, ಇವರ ಗುಂಡು ಬೀಳುತ್ತಿತ್ತು. ಕೆಳಗೆ ಗೋಡೆ ಕೆಡವುವವರಿಗೆ ದಾರಿ ಸುಗಮವಾಯಿತು. ಈ ಸಂಗತಿಯನ್ನು ಬರೆದಿಟ್ಟವನು ನೂನಿಜ್. ಅವನೂ ಪೋರ್ಚುಗೀಸನೇ ಆದ್ದರಿಂದ ಹೊಗಳಿಕೆಯಲ್ಲಿ ಒಂದು ಹಿಡಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಆ ಕೋವಿಗಳು ಬಾಯಿಯ ಕಡೆಯಿಂದ ತುಂಬುವಂಥವು. ಮೊದಲು ಮದ್ದು, ಮೇಲೆ ಸೀಸದ ಗುಂಡು, ಆಮೇಲೆ ಸಲಾಕೆಯಿಂದ ಜಡಿತ. ಮಲೆನಾಡಿನವರು ಕೇಪಿನ ಕೋವಿ ಎಂದು ಕರೆಯುವುದೂ ತುಂಬುವ ವಿಧಾನದಲ್ಲಿ ಇದೇ ಕುಲದ್ದು. ಇಂಥ ಕೋವಿಯ ಜೊತೆಗೇ ಹುಟ್ಟಿದ ತೊಡಕೊಂದಿದೆ. ಗುಂಡು ಸುಲಭವಾಗಿ ಒಳಗೆ ಜಾರಬೇಕಾದರೆ ಅದು ನಳಿಗೆಗಿಂತ ಚಿಕ್ಕದಿರಬೇಕು. ಗುಂಡು ನೇರವಾಗಿ ಹೋಗಬೇಕಾದರೆ ಅದು ನಳಿಗೆಗೆ ಬಿಗಿಯಾಗಿ ಕೂರಬೇಕು. ಎರಡೂ ಒಟ್ಟಿಗೆ ಆಗುವುದು ಹೇಗೆ? ಕೋವಿ ಕಮ್ಮಾರರು ನಾನೂರು ವರ್ಷ ತಲೆ ಕೆಡಿಸಿಕೊಂಡದ್ದು ಇದರಲ್ಲೇ.

ಬ್ರಿಟಿಷ್ ಸಿಪಾಯಿಗಳು ಬಳಸುತ್ತಿದ್ದ 'ಬ್ರೌನ್ ಬೆಸ್' ಬಂದೂಕಿನ ನಳಿಗೆಯ ಒಳ ಅಗಲ ಸುಮಾರು 0.75 ಇಂಚು, ಗುಂಡು ಸುಮಾರು 0.69 ಇಂಚು. ನಡುವೆ ಒಂದೂವರೆ ಮಿಲಿಮೀಟರಿನ ಖಾಲಿ ಜಾಗ. ಮದ್ದು ಸಿಡಿದಾಗ ಗುಂಡು ಡಬ್ಬಿಯೊಳಗಿನ ಗೋಲಿಯಂತೆ ಆ ಗೋಡೆಗೂ ಈ ಗೋಡೆಗೂ ಬಡಿಯುತ್ತ ಹೊರಬರುತ್ತಿತ್ತು. ಕೊನೆಯ ಬಡಿತ ಯಾವ ಕಡೆಗೋ ಗುಂಡು ತಿರುಗುವುದು ಆ ಬಡಿತದ ಲೆಕ್ಕದಲ್ಲಿ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಇದನ್ನು ತೋರಿಸಿದ ರೀತಿ ಸೊಗಸಾಗಿದೆ. ಬಂದೂಕಿನ ನಳಿಗೆಯ ತುದಿಯನ್ನು ತುಸು ಎಡಕ್ಕೆ ಬಾಗಿಸಿ ಹಾರಿಸಿದ. ಎಡಕ್ಕೆ ಹೊರಟ ಗುಂಡು ಗಾಳಿಯಲ್ಲಿ ಬಲಕ್ಕೆ ಹೊರಳಿತು! ಕ್ರಿಕೆಟ್ಟಿನ ಸ್ಪಿನ್ ಬೌಲಿಂಗ್ ಬಲ್ಲ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1742ರಲ್ಲಿ ತೋಪು ವಿದ್ಯೆಯ ಮೇಲೆ ಪುಸ್ತಕ ಬರೆದ ಈತ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಯದ್ವಾತದ್ವಾ ತಿರುಗುವ ಬದಲು ಬೇಕಾದಂತೆಯೇ ತಿರುಗಿಸಿದರೆ? ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆದರೆ ಅದೇ ರೈಫಲ್. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗದ ಬುಗುರಿ ಮಗುಚುತ್ತದೆ. ಗುಂಡಿನ ಕತೆಯೂ ಅಷ್ಟೇ. ಆದರೆ ತೋಡನ್ನು ಹಿಡಿಯದ ಗುಂಡು ತಿರುಗುವುದಾದರೂ ಹೇಗೆ? ಬಿಗಿ ಗುಂಡನ್ನು ಸುತ್ತಿಗೆಯಿಂದ ಬಡಿದು ಇಳಿಸುತ್ತ ಕೂತರೆ ಯುದ್ಧ ಮುಗಿದಿರುತ್ತದೆ. ಹಾಗಾಗಿ ಬೇಟೆಗಾರರು ತುಸು ಚಿಕ್ಕ ಗುಂಡಿಗೆ ಎಣ್ಣೆ ಸವರಿದ ಬಟ್ಟೆಯ ಚೂರು ಸುತ್ತಿದರು. ಈಗಲೂ ಅರ್ಧ ಇಂಚಿನ ನಳಿಗೆಗೆ 0.490 ಇಂಚಿನ ದುಂಡು ಗುಂಡು, ಜೊತೆಗೆ 0.010ರಿಂದ 0.015 ಇಂಚು ದಪ್ಪದ ಬಟ್ಟೆ ಎಂಬುದು ರೂಢಿಯ ಜೋಡಿ.

ಶಾಲೆಯ ಇತಿಹಾಸದ ಪಾಠದಲ್ಲಿ ಬರುವ 1857ರ ಕೊಬ್ಬು ಸವರಿದ ಕಾಡತೂಸಿನ ಮೂಲವೂ ಇಲ್ಲೇ ಇದೆ. ಪರೀಕ್ಷೆಯಲ್ಲಿ 'ಹಸು ಮತ್ತು ಹಂದಿಯ ಕೊಬ್ಬು' ಎಂದು ಬರೆದು ಅಂಕ ಪಡೆಯುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಕೊಬ್ಬು ಏಕೆ ಬೇಕಿತ್ತೆಂದು ಗೊತ್ತು? ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಇಂಚು, ಗುಂಡು ಮೊದಲಿಗೆ 0.568. ಉಳಿದ ಜಾಗ ತುಂಬುತ್ತಿದ್ದುದು ಗುಂಡಿಗೆ ಸುತ್ತಿದ ಕಾಗದ. ಆ ಕಾಗದ ಜಾರುವಂತಿರಬೇಕು, ಮದ್ದಿನ ಮಸಿಯೂ ಅಂಟಬಾರದು, ಅದಕ್ಕೇ ಜಿಡ್ಡು. ಕಾಡತೂಸಿನ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಜಿಡ್ಡು ಯಾವುದರದೆಂಬ ಸಂಶಯ ಸಿಪಾಯಿಗಳಲ್ಲಿ ಹುಟ್ಟಿದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿದೆ. ಮುಂದೆ ಆ ಗುಂಡನ್ನು 0.55 ಇಂಚಿಗೆ ಇಳಿಸಿದರು. ಇಷ್ಟು ಸಡಿಲವಾದರೂ ನಡೆದದ್ದು ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿ 1849ರ ಹೊತ್ತಿಗೆ ರೂಪಿಸಿದ ಉಪಾಯದಿಂದ: ಗುಂಡಿನ ಬುಡ ಟೊಳ್ಳಾಗಿದ್ದರೆ ಮದ್ದಿನ ಒತ್ತಡಕ್ಕೆ ಅದು ಅರಳಿ ತೋಡನ್ನು ತಾನೇ ಹಿಡಿದುಕೊಳ್ಳುತ್ತದೆ. ಆ ದಂಗೆಯ ಬಿಸಿಯಲ್ಲೇ ಬಂದ ನಿಶ್ಶಸ್ತ್ರೀಕರಣದ ಕಾಯಿದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ತಿರುಗಿಬಿದ್ದರು.

ಬಟ್ಟೆ, ಕಾಗದಗಳ ಕೆಲಸವನ್ನು ಈಗ ಮಾಡುವುದು ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು. ಅದರ ಹೆಸರು ಸ್ಯಾಬೊ. ಫ್ರೆಂಚರಲ್ಲಿ ಹಾಗೆಂದರೆ ಮರದ ಪಾದರಕ್ಷೆ. ಗುಂಡಿಗೆ ತೊಡಿಸಿದ ಈ ಚಪ್ಪಲಿ ನಳಿಗೆಯ ತೋಡನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ಹೊರಬಿದ್ದೊಡನೆ ಅದರ ಎಸಳುಗಳು ಗಾಳಿಗೆ ಅರಳಿ ಹಿಂದೆ ಬೀಳುತ್ತವೆ, ಗುಂಡು ಒಂದೇ ಮುಂದೆ ಹೋಗುತ್ತದೆ. ನಮ್ಮ ಅರ್ಜುನ್ ಟ್ಯಾಂಕಿನ 120 ಮಿ.ಮೀ. ಫಿರಂಗಿಯಿಂದ ಹಾರುವ ಕವಚಭೇದಕ ಬಾಣಕ್ಕೂ ಇಂಥದೇ ಕಳಚುವ ಹೊದಿಕೆ ಉಂಟು.

ಅರ್ಧ ಇಂಚಿನ ನಳಿಗೆಗೆ 0.452 ಇಂಚಿನ ಗುಂಡನ್ನಾದರೂ ಹಾಕಬಹುದು, 0.430ರದ್ದನ್ನಾದರೂ ಹಾಕಬಹುದು. ಮೊದಲನೆಯದಕ್ಕೆ ಸ್ಯಾಬೊ ಗೋಡೆಯ ದಪ್ಪ ಸುಮಾರು 0.024 ಇಂಚು, ಎರಡನೆಯದಕ್ಕೆ 0.035. ಒಂದರ ಸ್ಯಾಬೊವನ್ನು ಇನ್ನೊಂದಕ್ಕೆ ತೊಡಿಸಿದರೆ ಕೆಲಸ ಕೆಟ್ಟಂತೆ. ಸಡಿಲವಾದರೆ ಹೊಗೆ ಪಕ್ಕದಿಂದ ನುಗ್ಗಿ ವೇಗ ಪ್ರತಿ ಸಲವೂ ಬೇರೆಯಾಗುತ್ತದೆ. ಗುಂಡು ಮುಂದೆ ಜಾರಿ ಮದ್ದಿನಿಂದ ದೂರ ಸರಿದರಂತೂ ನಳಿಗೆಯೇ ಸಿಡಿಯುವ ಅಪಾಯ. ಅತಿ ಬಿಗಿಯಾದರೆ ತುಂಬುವಾಗಲೇ ಪ್ಲಾಸ್ಟಿಕ್ ಹರಿಯುತ್ತದೆ. ಸಲಾಕೆಯನ್ನು ಒತ್ತುವಾಗ ಬಾಯಿಯಿಂದ ಬುಡದವರೆಗೂ ಒಂದೇ ಸಮನಾದ, ಗಟ್ಟಿಯಾದ ತಡೆ ಕೈಗೆ ಸಿಗಬೇಕು. ಬಲ್ಲವರು ಹಾರಿಬಿದ್ದ ಸ್ಯಾಬೊಗಳನ್ನು ಆಯ್ದು ನೋಡುತ್ತಾರೆ. ಎಸಳುಗಳು ಸಮನಾಗಿ ಅರಳಿದ್ದರೆ ಸರಿ. ಬುಡ ಸುಟ್ಟಿದ್ದರೆ, ಒಂದೆಸಳು ಕಿತ್ತಿದ್ದರೆ ಜೋಡಿ ತಪ್ಪಿದೆ ಎಂದರ್ಥ. ನಳಿಗೆ ಕಾದರೆ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಕಾಯುವ ತಾಳ್ಮೆಯೂ ಬೇಕು.

ನಳಿಗೆಯ ಮೇಲೆ ಅರ್ಧ ಇಂಚು ಎಂದು ಕೊರೆದಿದ್ದರೂ ಒಂದಕ್ಕೂ ಇನ್ನೊಂದಕ್ಕೂ ಇಂಚಿನ ಸಾವಿರದಲ್ಲಿ ಎರಡು ಮೂರು ಪಾಲು ವ್ಯತ್ಯಾಸ ಇರುತ್ತದೆ. ಮನುಷ್ಯನ ಕೂದಲಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಕೂದಲೆಳೆಯಲ್ಲಿ ತಪ್ಪಿತು ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಗಣಿತ ಇಷ್ಟಪಡುವ ಮಕ್ಕಳಿಗೆ ಇಲ್ಲೊಂದು ಲೆಕ್ಕವಿದೆ. 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞ ಕೊಟ್ಟದ್ದು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ತೋಡು ಎಷ್ಟು ಇಂಚಿಗೆ ಒಂದು ಸುತ್ತು ಬರಬೇಕೆಂದು ತಿಳಿಯುತ್ತದೆ. 0.49 ಇಂಚಿನ ದುಂಡು ಗುಂಡಿನ ಉದ್ದವೂ ಅಷ್ಟೇ, ಉತ್ತರ 73.5 ಇಂಚು. ಅದೇ 0.45 ಇಂಚು ವ್ಯಾಸ, 0.9 ಇಂಚು ಉದ್ದದ ಗುಂಡಿಗೆ 34 ಇಂಚಿನ ಹತ್ತಿರ. ಉದ್ದನೆಯ ಗುಂಡಿಗೆ ಬಿರುಸಾದ ಸುತ್ತು ಬೇಕು. ದುಂಡು ಗುಂಡಿನ ನಳಿಗೆಯಲ್ಲಿ ಸ್ಯಾಬೊ ತೊಟ್ಟ ಉದ್ದ ಗುಂಡು ಅಡ್ಡಾದಿಡ್ಡಿ ಹೋಗುವುದೂ, ಸ್ಯಾಬೊಗೆಂದೇ ಮಾಡಿದ ರೈಫಲ್ಲುಗಳಲ್ಲಿ ಹೆಚ್ಚಾಗಿ 28 ಇಂಚಿಗೇ ಒಂದು ಸುತ್ತು ಇರುವುದೂ ಇದಕ್ಕೇ.

ಹಾಗೆಂದು ಕೇಪಿನ ಕೋವಿ ಹುಡುಗರ ಕೈಗೆ ಕೊಡುವ ವಸ್ತುವಲ್ಲ. ಅದಕ್ಕೂ ಪರವಾನಗಿ ಬೇಕು, ಬೇಟೆಯಂತೂ 1972ರ ಕಾಯಿದೆಯಡಿ ಅಪರಾಧ. 1861ರಿಂದ ವಿನಾಯಿತಿ ಪಡೆದ ಕೊಡಗಿನ ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯ ಮಟ್ಟಿಗೆ ಮಾತ್ರ ಅಪವಾದ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಉಳಿದೆಡೆಯ ಮಕ್ಕಳಿಗೆ ಇರುವ ದಾರಿ ಕ್ಲಬ್ಬಿನ 10 ಮೀಟರ್ ಏರ್ ರೈಫಲ್. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ.

ಅಲ್ಲಿ ಮದ್ದಿಲ್ಲ, ಸಲಾಕೆಯಿಲ್ಲ. ಆದರೆ 4.5 ಮಿ.ಮೀ. ಪೆಲೆಟ್ಟಿನ ಡಬ್ಬಿ ತಿರುಗಿಸಿ ನೋಡಿದ ತಂದೆತಾಯಿಗೆ ಸೋಜಿಗವೊಂದು ಕಾದಿರುತ್ತದೆ. ಒಂದರ ಮೇಲೆ 4.49, ಇನ್ನೊಂದರ ಮೇಲೆ 4.50, ಮತ್ತೊಂದರ ಮೇಲೆ 4.51. ಪೆಲೆಟ್ಟಿನ ಹಿಂಭಾಗ ಟೊಳ್ಳು, ಮಿನಿಯೆಯ ಗುಂಡಿನ ಹಾಗೆ. ಯಾವುದು ತಮ್ಮದೆಂದು ಕಂಡುಕೊಳ್ಳಲು ನುರಿತ ಶೂಟರುಗಳು ರೈಫಲ್ಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಒಂದೊಂದು ಡಬ್ಬಿಯಿಂದಲೂ ಐದೈದು ಹಾರಿಸಿ, ಯಾವುದರ ಐದೂ ಒಂದೇ ತೂತಿನಲ್ಲಿ ಹಾಯುತ್ತವೆ ಎಂದು ನೋಡುತ್ತಾರೆ. ಆಮೇಲೆ ಅದೇ ಡಬ್ಬಿಯನ್ನು ಹಿಡಿಯುತ್ತಾರೆ.