ಚಿತ್ರವುಂಟು, ಸದ್ದಿಲ್ಲ!

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಹೆಬ್ಬಗೋಡಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಆರಂಭಿಸಿತಷ್ಟೆ. ಅದರ ನೆರೆಯೂರು ಇದು. ೨೦೨೫ರ ಆಗಸ್ಟ್ ತಿಂಗಳಿಂದ ಮೆಟ್ರೋ ರೈಲೂ ಇಲ್ಲಿ ನಿಲ್ಲುತ್ತದೆ. ಇಲ್ಲಿಯ ಒಂಟಿಕೋಣೆಯ ಬಾಡಿಗೆಮನೆಗಳಲ್ಲಿ ಟೆಲಿವಿಷನ್ನಿಗೆ ಎಷ್ಟೋ ವೇಳೆ ಸ್ಥಳವಿರುವುದಿಲ್ಲ. ಆದರೆ ಓದಿಗೋ ಉದ್ಯೋಗಕ್ಕೋ ಬೇಕಾದ ಲ್ಯಾಪ್‌ಟಾಪ್ ಒಂದು ಇರುತ್ತದೆ.

ಅಂತಹ ಒಂದು ಕೋಣೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಅಣ್ಣನೊಡನೆ ವಾಸವಾಗಿದ್ದಾನೆ. ಅಣ್ಣನು ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡಿ ಉಳಿಸಿದ ಹಣದಿಂದ ಬಳಸಿದ ಗೇಮ್ ಕನ್ಸೋಲ್ ಒಂದನ್ನು ಕೊಂಡು ತಂದನು. ಲ್ಯಾಪ್‌ಟಾಪನ್ನೇ ತೆರೆಯನ್ನಾಗಿ ಮಾಡಿಕೊಂಡು, ಹಳೆಯ ಸ್ಪೀಕರುಗಳಿಂದ ಸದ್ದನ್ನು ಕೇಳಬೇಕೆಂಬುದು ಅವರ ಆಸೆ. ಚಿತ್ರವೇನೋ ಮೂಡಿತು, ಸದ್ದು ಬರಲಿಲ್ಲ. ಪೆಟ್ಟಿಗೆಯೇ ಕೆಟ್ಟದ್ದೆಂದು ಬಗೆದು ಅದನ್ನು ಅರ್ಧ ಬೆಲೆಗೆ ಮಾರಲು ಹೊರಟಿದ್ದರು. ಒಂದು ಭಾನುವಾರ ನಾವು ಅಲ್ಲಿಗೆ ಹೋದೆವು. ಆ ದಿನ ಕಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ತೂಬುಗಳು

ಅವರು ಮೊದಲು ಮಾಡಿದ ತಪ್ಪನ್ನು ಅನೇಕರು ಮಾಡುತ್ತಾರೆ. ಕನ್ಸೋಲಿಗೆ ಎಚ್‌ಡಿಎಂಐ ಎಂಬ ಸಾಕೆಟ್ಟಿದೆ. ಲ್ಯಾಪ್‌ಟಾಪಿಗೂ ಅದೇ ಆಕಾರದ ಸಾಕೆಟ್ಟಿದೆ. ಎರಡನ್ನೂ ಒಂದು ಕೇಬಲ್ಲಿನಿಂದ ಜೋಡಿಸಿದರೆ ಸಾಲದೆ? ಸಾಲದು. ಬಹುಮಟ್ಟಿಗೆ ಎಲ್ಲ ಲ್ಯಾಪ್‌ಟಾಪುಗಳಲ್ಲಿಯೂ ಆ ಸಾಕೆಟ್ಟು ಹೊರಬಾಗಿಲೇ ಹೊರತು ಒಳಬಾಗಿಲಲ್ಲ. ಎರಡು ಕೆರೆಗಳ ತೂಬುಗಳನ್ನು ಎದುರುಬದುರಾಗಿ ಸೇರಿಸಿದರೆ ಯಾವ ಗದ್ದೆಗೆ ತಾನೆ ನೀರು ಹರಿದೀತು?

ಆದ್ದರಿಂದ ನಡುವೆ ಕ್ಯಾಪ್ಚರ್ ಕಾರ್ಡ್ ಎಂಬ ಪುಟ್ಟ ಉಪಕರಣವನ್ನಿಡಬೇಕಾಗುತ್ತದೆ. ಕನ್ಸೋಲಿನಿಂದ ಬರುವ ಚಿತ್ರವನ್ನೂ ಧ್ವನಿಯನ್ನೂ ಅದು ಯುಎಸ್‌ಬಿ ಮಾರ್ಗವಾಗಿ ಲ್ಯಾಪ್‌ಟಾಪಿಗೆ ಒಯ್ಯುತ್ತದೆ. ಧ್ವನಿಯು ಇಲ್ಲಿ ಅಂಕಿಗಳ ರೂಪದಲ್ಲಿದೆ. ಒಂದು ಸೆಕೆಂಡಿಗೆ ೪೮,೦೦೦ ಸಲ ಅಲೆಯ ಎತ್ತರವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದರೆ, ಎಡಬಲಗಳೆರಡಕ್ಕೂ ಸೇರಿ ಸೆಕೆಂಡಿಗೆ ೧೫,೩೬,೦೦೦ ಬಿಟ್ಟುಗಳಾಗುತ್ತವೆ. ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳು. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲದ ಅಲೆಯನ್ನು ಮತ್ತೆ ಕಟ್ಟಬಹುದು. ೪೮,೦೦೦ದ ಗುಟ್ಟು ಇದೇ.

ನಡುವೆ ತಡೆದು ನೋಡುವುದು

ಸೋದರರು ಕ್ಯಾಪ್ಚರ್ ಕಾರ್ಡನ್ನೂ ತಂದಿದ್ದರು. ಆದರೂ ಸದ್ದಿಲ್ಲ! ಇಂತಹ ಹೊತ್ತಿನಲ್ಲಿ ಕಂಡಕಂಡ ಗುಂಡಿಗಳನ್ನು ಒತ್ತುವುದು ವಿಜ್ಞಾನದ ದಾರಿಯಲ್ಲ. ಕಾಲುವೆಯ ಕೊನೆಗೆ ನೀರು ಬಾರದಿದ್ದರೆ ರೈತನು ಏನು ಮಾಡುತ್ತಾನೆ? ಕಾಲುವೆಯ ನಡುವಿಗೆ ಹೋಗಿ ನೋಡುತ್ತಾನೆ. ಅಲ್ಲಿ ನೀರಿದ್ದರೆ ದೋಷವು ಕೆಳಗೆ, ಇಲ್ಲದಿದ್ದರೆ ಮೇಲೆ. ಒಂದೇ ನೋಟದಲ್ಲಿ ಅರ್ಧ ಕಾಲುವೆ ನಿರ್ದೋಷಿಯೆಂದು ತೀರ್ಮಾನವಾಯಿತು.

ನಮ್ಮ ಕಾಲುವೆಯ ನಡುವೆಂದರೆ ಲ್ಯಾಪ್‌ಟಾಪು. ಅದರ ಧ್ವನಿ ಸೆಟ್ಟಿಂಗಿನಲ್ಲಿ ಒಳಬರುವ ಸದ್ದಿಗೆ ಒಂದು ಮಟ್ಟಸೂಚಿಯಿದೆ. ಅಲ್ಲಿ ಕ್ಯಾಪ್ಚರ್ ಕಾರ್ಡನ್ನು ಆರಿಸಿ, ಆಟವನ್ನು ಆರಂಭಿಸಿದೆವು. ಸೂಚಿಯು ಕುಣಿಯತೊಡಗಿತು! ಕನ್ಸೋಲು ಕೆಟ್ಟಿಲ್ಲವೆಂದು ಆಗಲೇ ಸಿದ್ಧವಾಯಿತು. ಅಣ್ಣನ ಮುಖದಲ್ಲಿ ಆಗ ಮೂಡಿದ ಕಳೆಯನ್ನು ನಾವು ಮರೆಯಲಾರೆವು.

ಹಾಗಾದರೆ ಸದ್ದು ಎಲ್ಲಿ ನಿಂತಿತು? ಲ್ಯಾಪ್‌ಟಾಪಿನ ದೃಷ್ಟಿಯಲ್ಲಿ ಕ್ಯಾಪ್ಚರ್ ಕಾರ್ಡು ಒಂದು ಕ್ಯಾಮೆರಾ ಮತ್ತು ಒಂದು ಮೈಕು. ಮೈಕಿಗೆ ಬಂದುದನ್ನು ಅದು ತಾನಾಗಿ ಸ್ಪೀಕರಿಗೆ ಕಳುಹಿಸುವುದಿಲ್ಲ. ಕಳುಹಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕನ್ನು ಹೊಕ್ಕು, ಜಾತ್ರೆಯ ಧ್ವನಿವರ್ಧಕವು ಕಿರಿಚುವಂತೆ ಕಿರಿಚೀತು. ಆದುದರಿಂದ ನಾವೇ ಅಪ್ಪಣೆ ಕೊಡಬೇಕು. ವಿಂಡೋಸ್ ವ್ಯವಸ್ಥೆಯಲ್ಲಿ, ಆ ಮೈಕಿನ ಗುಣಗಳ ಪಟ್ಟಿಯಲ್ಲಿ 'ಲಿಸನ್' ಎಂಬ ಪುಟವನ್ನು ತೆರೆದು ಅಲ್ಲಿಯ ಚೌಕದಲ್ಲಿ ಗುರುತು ಹಾಕಬೇಕು. ಹಾಕಿದೆವು, ಕೋಣೆಯಲ್ಲಿ ಸದ್ದು ತುಂಬಿತು.

ಒಂದು ವೇಳೆ ಸೂಚಿಯು ಕದಲದಿದ್ದರೆ? ಆಗ ಕನ್ಸೋಲಿನ ಕಡೆಗೆ ತಿರುಗಬೇಕು. ಅದು ಧ್ವನಿಯನ್ನು ಡಾಲ್ಬಿ ಮುಂತಾದ ಅಡಕ ರೂಪದಲ್ಲಿ ಕಳುಹಿಸುತ್ತಿದ್ದರೆ ಅಗ್ಗದ ಕ್ಯಾಪ್ಚರ್ ಕಾರ್ಡಿಗೆ ಆ ಭಾಷೆ ತಿಳಿಯದು. ಕನ್ಸೋಲಿನ ಸೆಟ್ಟಿಂಗಿನಲ್ಲಿ 'ಲೀನಿಯರ್ ಪಿಸಿಎಂ' ಎಂಬ ಸರಳ ರೂಪವನ್ನು ಆರಿಸಬೇಕು.

ಕೆಲವರು ಕನ್ಸೋಲಿನ ಧ್ವನಿಯನ್ನು ತಂತಿಯ ಮೂಲಕ ನೇರವಾಗಿ ಲ್ಯಾಪ್‌ಟಾಪಿನ ಮೈಕು ರಂಧ್ರಕ್ಕೆ ಕೊಡುವುದುಂಟು. ಮೈಕು ಕೊಡುವುದು ಕೆಲವು ಮಿಲಿವೋಲ್ಟುಗಳು. ಇಂತಹ ಯಂತ್ರಗಳ ಧ್ವನಿತಂತಿ ಕೊಡುವುದು ಸುಮಾರು ಮೂರನೆಯ ಒಂದು ವೋಲ್ಟು, ಎಂದರೆ ನೂರರಷ್ಟು! ಪಾವಿನ ಪಾತ್ರೆಗೆ ಕೊಳಗವನ್ನು ಸುರಿದಂತೆ ಅಲೆಯ ತುದಿಗಳು ಕತ್ತರಿಸಿಹೋಗಿ ಸದ್ದು ಒರಟಾಗುತ್ತದೆ. ಅದಕ್ಕಿಂತ, ಕನ್ಸೋಲಿನ ಕೈಗುಂಡಿಯಲ್ಲಿ ಹೆಡ್‌ಫೋನ್ ರಂಧ್ರವಿದ್ದರೆ ಸ್ಪೀಕರಿನ ತಂತಿಯನ್ನು ಅಲ್ಲಿಯೇ ಸಿಕ್ಕಿಸಬಹುದು. ಇದು ಖರ್ಚಿಲ್ಲದ ಉಪಾಯ.

ಇಕ್ಕಳವನ್ನು ಕೆಳಗಿಡಿ!

ಸದ್ದು ಬಂದ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಆಟದ ಸದ್ದಿನ ಹಿಂದೆ 'ಗುಂಯ್' ಎಂಬ ತಗ್ಗು ಸ್ವರವೊಂದು ಬಿಡದೆ ಕೇಳುತ್ತಿತ್ತು. "ಇದಕ್ಕೆ ಮದ್ದು ಗೊತ್ತು ಸಾರ್. ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದುಬಿಟ್ಟರೆ ನಿಲ್ಲುತ್ತದಂತೆ" ಎನ್ನುತ್ತ ಅಣ್ಣನು ಇಕ್ಕಳವನ್ನು ಕೈಗೆತ್ತಿಕೊಂಡನು. ನಮ್ಮ ಎದೆ ಝಲ್ಲೆಂದಿತು. "ತಡೆಯಪ್ಪಾ, ಮೊದಲು ಅದನ್ನು ಕೆಳಗಿಡು" ಎಂದೆವು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು, ಸೆಕೆಂಡಿಗೆ ೫೦ ಆವೃತ್ತಿಗಳದು. ಲ್ಯಾಪ್‌ಟಾಪಿನ ಚಾರ್ಜರು ಒಂದು ಗೋಡೆಯಲ್ಲಿಯೂ ಸ್ಪೀಕರು ಎದುರು ಗೋಡೆಯಲ್ಲಿಯೂ ಸಿಕ್ಕಿಕೊಂಡಿದ್ದವು. ಎರಡಕ್ಕೂ ಅರ್ತ್ ಕಡ್ಡಿಯಿತ್ತು. ಅರ್ತಿನ ತಂತಿ, ಚಾರ್ಜರು, ಲ್ಯಾಪ್‌ಟಾಪು, ಧ್ವನಿಯ ತಂತಿ, ಸ್ಪೀಕರು, ಮತ್ತೆ ಅರ್ತಿನ ತಂತಿ, ಹೀಗೆ ಕೋಣೆಯಷ್ಟಗಲದ ಒಂದು ಬಳೆ ಏರ್ಪಟ್ಟಿತ್ತು. ಗೋಡೆಯೊಳಗಿನ ತಂತಿಗಳ ಕಾಂತಕ್ಷೇತ್ರವು ಈ ಬಳೆಯಲ್ಲಿ ಸಣ್ಣ ಪ್ರವಾಹವನ್ನು ಪ್ರೇರಿಸುತ್ತದೆ. ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ನಿಯಮವೇ ಇಲ್ಲಿ ಗುಂಯ್‌ಗುಡುತ್ತಿತ್ತು! ಪರೀಕ್ಷೆ ಸುಲಭ. ಚಾರ್ಜರನ್ನು ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದೆವು. ಬಳೆ ಕಡಿಯಿತು, ಸದ್ದಡಗಿತು.

ಅರ್ತ್ ಕಡ್ಡಿಯನ್ನು ಮುರಿದರೂ ಬಳೆ ಕಡಿಯುತ್ತದೆ, ನಿಜ. ಆದರೆ ಆ ಕಡ್ಡಿ ಇರುವುದು ಬೇರೊಂದು ಕಾರ್ಯಕ್ಕೆ. ಒಳಗಿನ ತಂತಿಯ ಹೊದಿಕೆ ಸವೆದು ಲೋಹದ ಕವಚಕ್ಕೆ ತಗಲಿದರೆ, ಪ್ರವಾಹವು ಅರ್ತಿನ ಮೂಲಕ ಹರಿದು ಫ್ಯೂಸು ಹಾರುತ್ತದೆ. ಕಡ್ಡಿಯಿಲ್ಲದಿದ್ದರೆ ಆ ಕವಚವು ೨೩೦ ವೋಲ್ಟನ್ನು ಹೊತ್ತು, ಮುಟ್ಟುವ ಕೈಗಾಗಿ ಕಾದಿರುತ್ತದೆ. ಮನೆಗಳಲ್ಲಿ ಪ್ರಾಣರಕ್ಷಣೆಗಾಗಿ ಹಾಕುವ ಸ್ವಿಚ್ಚನ್ನು ೩೦ ಮಿಲಿಆಂಪಿಯರಿನ ಸೋರಿಕೆಗೇ ಕಡಿಯುವಂತೆ ಮಾಡಿರುತ್ತಾರೆ. ಅದಕ್ಕಿಂತ ಹೆಚ್ಚಿನ ಪ್ರವಾಹವು ಎದೆಯ ಮೂಲಕ ಹಾದರೆ ಹೃದಯವು ನಿಂತೀತು. ಗುಂಯ್‌ಗುಟ್ಟುವಿಕೆಯಿಂದ ಆಗುವುದು ಕಿರುಕುಳ ಮಾತ್ರ. ಮುರಿದ ಕಡ್ಡಿಯಿಂದ ಜೀವಕ್ಕೇ ಅಪಾಯ.

ಸರಿಯಾದ ಪರಿಹಾರವೇನು? ಎಲ್ಲ ಪ್ಲಗ್ಗುಗಳನ್ನೂ ಅರ್ತ್ ಇರುವ ಒಂದೇ ಬೋರ್ಡಿಗೆ ಸಿಕ್ಕಿಸಿ, ತಂತಿಗಳನ್ನು ಒತ್ತೊತ್ತಾಗಿ ಇಟ್ಟೆವು. ಬಳೆಯ ವಿಸ್ತೀರ್ಣ ಕುಗ್ಗಿತು. ಸದ್ದು ಇಲ್ಲವೆನ್ನುವಷ್ಟು ಇಳಿಯಿತು. ಇನ್ನೂ ಉಳಿದಿದ್ದರೆ ಧ್ವನಿಯ ತಂತಿಯ ನಡುವೆ ಸಣ್ಣದೊಂದು ಟ್ರಾನ್ಸ್‌ಫಾರ್ಮರನ್ನು ಇಡಬಹುದು. ಸದ್ದು ದಾಟುತ್ತದೆ, ಅರ್ತಿನ ಪ್ರವಾಹ ದಾಟುವುದಿಲ್ಲ.

ಆಚೆ ದಡದ ಅಗಸ

ಕೊನೆಯದೊಂದು ತೊಡಕು. ಕೆರೆಯ ಆಚೆ ದಡದಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಯಂತ್ರದೊಳಗೆ ಧ್ವನಿಯು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ಸ್ಪೀಕರನ್ನು ೩೪ ಮೀಟರು ದೂರದಲ್ಲಿಟ್ಟಂತಾಯಿತು. ತಂತಿಯಿಲ್ಲದ ಬ್ಲೂಟೂತ್ ಸ್ಪೀಕರುಗಳಲ್ಲಿ ಇಷ್ಟೋ ಇದಕ್ಕಿಂತ ಹೆಚ್ಚೋ ತಡವಾಗುವುದು ಸಾಮಾನ್ಯ. ಆಟಕ್ಕೆ ತಂತಿಯ ಸ್ಪೀಕರೇ ಮೇಲು.

೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಪ್ರಾರಂಭಿಸಿದಾಗಲೂ ಧ್ವನಿಯು ಮೂಲದಿಂದ ಕಿವಿಯವರೆಗೆ ಹಲವು ಕೊಂಡಿಗಳನ್ನು ದಾಟಿಯೇ ಬರಬೇಕಾಗಿತ್ತು. ಉಪಕರಣಗಳು ಬದಲಾಗಿವೆ, ಮುರಿದ ಕೊಂಡಿಯನ್ನು ಹುಡುಕುವ ಕ್ರಮವು ಬದಲಾಗಿಲ್ಲ. ಹೆಬ್ಬಗೋಡಿಯ ಸೋದರರು ಈಗ ಪೆಟ್ಟಿಗೆಯನ್ನು ಮಾರುವ ಮಾತನ್ನಾಡುತ್ತಿಲ್ಲ. ಪ್ಲಗ್ಗಿನ ಮೂರು ಕಡ್ಡಿಗಳೂ ನೆಟ್ಟಗಿವೆ. ವಾಚಕರು ತಮ್ಮ ಮನೆಯ ಪ್ಲಗ್ಗುಗಳನ್ನು ಇಂದೇ ಒಮ್ಮೆ ನೋಡಲಿ.