ಎಲ್ಲರ ವಾಯರ್‌ಲೆಸ್, ಒಬ್ಬೊಬ್ಬರ ಠಿಕಾಣಿ

ಕಳೆದ ವಾರ ನಮ್ಮ ವಾಚನಾಲಯದ ಮೇಜಿನ ಬಳಿ ಒಂದು ಚರ್ಚೆ ನಡೆಯಿತು. ಹಿರಿಯರೊಬ್ಬರು, “ಪೋಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸಿನವರು ಎಲ್ಲರೂ ಒಂದೇ ವಾಯರ್‌ಲೆಸ್ ಏರ್ಪಾಡಿನಲ್ಲಿ ಮಾತನಾಡಿದರೆ ಗದ್ದಲವಾಗದೇ?” ಎಂದರು. ಪಕ್ಕದಲ್ಲಿದ್ದ ತರುಣರೊಬ್ಬರು, “ಗದ್ದಲದ ಮಾತಿರಲಿ ರಾಯರೇ, ಅವರು ಎಲ್ಲಿದ್ದಾರೆಂಬುದು ಕೇಡಿಗರಿಗೂ ತಿಳಿದುಬಿಟ್ಟರೆ ಗತಿಯೇನು?” ಎಂದು ಕೇಳಿದರು. ಎರಡೂ ತಕ್ಕ ಪ್ರಶ್ನೆಗಳೇ. ನಾವು ಮೆಟ್ರಿಕ್‌ವರೆಗೆ ಓದಿದ ಗಿರಣಿ ಗುಮಾಸ್ತರು, ಎಂಜಿನಿಯರರಲ್ಲ. ಆದರೂ ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಹಿರಿಯರ ಪ್ರಶ್ನೆ. ಒಂದೊಂದು ದಳಕ್ಕೆ ಒಂದೊಂದು ವಾಯರ್‌ಲೆಸ್ ಇದ್ದರೆ ಏನಾಗುತ್ತದೆಂಬುದು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಕಂಡಿತು. ಅವಳಿ ಗೋಪುರಗಳಲ್ಲಿ ದಕ್ಷಿಣದ್ದು ಬೆಳಿಗ್ಗೆ 9.59ಕ್ಕೆ ಕುಸಿಯಿತು, ಉತ್ತರದ್ದು 10.28ಕ್ಕೆ. ಮೇಲೆ ಹಾರುತ್ತಿದ್ದ ಪೋಲೀಸು ಹೆಲಿಕಾಪ್ಟರಿನವರು ಉಳಿದ ಗೋಪುರದ ದುಃಸ್ಥಿತಿಯನ್ನು ಕಂಡು ತಮ್ಮವರಿಗೆ ತಿಳಿಸಿದರು. ಆದರೆ ಅಗ್ನಿಶಾಮಕ ದಳದ ವಾಯರ್‌ಲೆಸ್ ಬೇರೆ. ಆ ಮಾತು ಅವರಿಗೆ ನೇರವಾಗಿ ಕೇಳಿಸುವಂತಿರಲಿಲ್ಲ. ಪಕ್ಕದ ಗೋಪುರ ಬಿದ್ದದ್ದೇ ತಿಳಿಯದೆ ಒಳಗಿದ್ದವರೂ ಇದ್ದರು. ಆ ದಿನ ಅಗ್ನಿಶಾಮಕ ದಳದ 343 ಮಂದಿ ಪ್ರಾಣ ತೆತ್ತರು. ಎಲ್ಲ ಸಾವಿಗೂ ವಾಯರ್‌ಲೆಸ್ಸೇ ಕಾರಣವೆಂದಲ್ಲ. ಆದರೆ ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರ ಕಿವಿಗೆ ಮುಟ್ಟಬೇಕೆಂಬ ಪಾಠ ಅಲ್ಲಿ ಸ್ಪಷ್ಟವಾಯಿತು.

ಹಾಗಾದರೆ ಗದ್ದಲವಾಗದಂತೆ ಹಂಚಿಕೊಳ್ಳುವುದು ಹೇಗೆ? ‘ಟ್ರಂಕ್’ ಎಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಗಿರಣಿಯಲ್ಲಿ ನೂರು ಟೆಲಿಫೋನುಗಳಿದ್ದರೂ ಹೊರಗಿನ ತಂತಿಗಳು ಹತ್ತೇ ಇರಬಹುದು. ಬಿಡುವಾಗಿರುವ ತಂತಿ ಕೇಳಿದವರಿಗೆ ಸಿಗುತ್ತದೆ. ಟ್ರಂಕ್ ವಾಯರ್‌ಲೆಸ್ಸೂ ಹೀಗೆಯೇ. ಗುಂಡಿ ಒತ್ತಿದೊಡನೆ ಕೈಯಲ್ಲಿನ ಸೆಟ್ಟು ಕೇಂದ್ರವನ್ನು ಕೇಳುತ್ತದೆ, ಕೇಂದ್ರದ ಗಣಕಯಂತ್ರ ಬಿಡುವಾದ ದಾರಿಯನ್ನು ಕೊಡುತ್ತದೆ. ಒಂದೊಂದು ಗುಂಪಿನ ಮಾತು ಆ ಗುಂಪಿಗೆ ಮಾತ್ರ. ದೊಡ್ಡ ಅನಾಹುತವಾದರೆ ಮೂರೂ ದಳದ ನಾಯಕರನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಪ್ರಾಣಾಪಾಯದಲ್ಲಿರುವವನಿಗೆ ತುರ್ತು ಗುಂಡಿಯೊಂದುಂಟು. ಅದನ್ನು ಒತ್ತಿದರೆ ಬೇರೆಯವರ ಮಾತು ನಿಂತಾದರೂ ಅವನಿಗೆ ದಾರಿ ಸಿಗುತ್ತದೆ. ಯೂರೋಪಿನ ‘ಟೆಟ್ರಾ’, ಅಮೆರಿಕದ ‘ಪ್ರಾಜೆಕ್ಟ್ 25’ ಇಂಥ ಏರ್ಪಾಡುಗಳಿಗೆ ಬಳಸುವ ಪದ್ಧತಿಗಳು. ನೆದರ್ಲೆಂಡ್ಸಿನಲ್ಲಿ ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸು ಮೂರೂ ಒಂದೇ ಟೆಟ್ರಾ ಜಾಲದಲ್ಲಿವೆ.

ಇನ್ನು ತರುಣರ ಪ್ರಶ್ನೆ. ಮಾತಿಗೆ ಸಂಕೇತದ ಬೀಗ ಹಾಕಿದರೆ ಸಾಲದೇ? ಸಾಲದು. ಲಕೋಟೆಯನ್ನು ಅಂಟಿಸಿದರೆ ಒಳಗಿನ ಓಲೆ ಕಾಣುವುದಿಲ್ಲ. ಮೇಲಿನ ವಿಳಾಸ ಮಾತ್ರ ಎಲ್ಲರಿಗೂ ಕಾಣುತ್ತದೆ. ಪ್ರತಿಯೊಂದು ಸೆಟ್ಟಿಗೂ, ಗಿರಣಿಯ ಕೆಲಸಗಾರನ ಬಿಲ್ಲೆಯಂತೆ, ಒಂದು ನಂಬರಿರುತ್ತದೆ. ಮಾತನಾಡದಿದ್ದಾಗಲೂ ಸೆಟ್ಟು ಆಗಾಗ ‘ಇಲ್ಲಿದ್ದೇನೆ’ ಎಂದು ಕೇಂದ್ರಕ್ಕೆ ತಿಳಿಸುತ್ತದೆ. ಆ ಅಲೆ ಯಾವ ದಿಕ್ಕಿನಿಂದ ಬಂತೆಂದು ಎರಡು ಕಡೆ ನಿಂತು ನೋಡಿ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಮನುಷ್ಯನಿದ್ದಾನೆ!

ಇದು ಬರಿಯ ಊಹೆಯಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಾಜೆಕ್ಟ್ 25ನ್ನು ಪರೀಕ್ಷಿಸಿ, ಸುಮ್ಮನಿರುವ ಸೆಟ್ಟನ್ನೂ ಹೊರಗಿನವರು ಕೆಣಕಿ ಉತ್ತರ ಕೊಡಿಸಬಹುದು, ಆ ಉತ್ತರದಿಂದ ಠಿಕಾಣಿ ಹಿಡಿಯಬಹುದು ಎಂದು ತೋರಿಸಿದರು. ಟೆಟ್ರಾದಲ್ಲಿ ನಂಬರಿಗೂ ಮುಸುಕು ಹಾಕುವ ಏರ್ಪಾಡಿತ್ತು. ಅದನ್ನು ಕಳಚಬಹುದೆಂದು 2023ರಲ್ಲಿ ನೆದರ್ಲೆಂಡ್ಸಿನ ‘ಮಿಡ್‌ನೈಟ್ ಬ್ಲೂ’ ಸಂಸ್ಥೆಯವರು ಪ್ರಕಟಿಸಿದರು. ಆ ಬೀಗದ ಸೂತ್ರಗಳನ್ನು 1990ರ ದಶಕದಿಂದಲೂ ಗುಟ್ಟಾಗಿಡಲಾಗಿತ್ತು. ಆದುದರಿಂದ ದೋಷವೂ ಗುಟ್ಟಾಗಿಯೇ ಉಳಿದಿತ್ತು. ಆ ಸೂತ್ರಗಳನ್ನು ಬಹಿರಂಗಪಡಿಸಲು ಯೂರೋಪಿನ ಮಾನಕ ಸಂಸ್ಥೆ ಅದೇ ವರ್ಷದ ಕೊನೆಗೆ ಒಪ್ಪಿತು.

ಹಾಗೆಂದು ಠಿಕಾಣಿಯನ್ನು ಎಲ್ಲರಿಂದಲೂ ಮುಚ್ಚಿಡುವುದೇ ಪರಿಹಾರವೆಂದು ತಿಳಿಯಬಾರದು. ಹೊಗೆಯಲ್ಲಿ ಬಿದ್ದವನನ್ನು ಹುಡುಕಿ ತರಬೇಕಾದರೆ ನಿಯಂತ್ರಣ ಕೊಠಡಿಗೆ ಅವನ ಠಿಕಾಣಿ ತಿಳಿಯಲೇಬೇಕು. ಪ್ರಶ್ನೆ ಇರುವುದು ಯಾರಿಗೆ, ಯಾವಾಗ, ಎಷ್ಟು ಕಾಲ ಎಂಬುದರಲ್ಲಿ. ಇಲ್ಲಿ ಹಾಜರಿ ಪುಸ್ತಕ ಬರೆಯುವ ನಮ್ಮ ಅನುಭವದ ಮಾತೊಂದಿದೆ. ಪ್ರಾಣ ಉಳಿಸಲೆಂದು ಇಟ್ಟ ಗುರುತನ್ನು, ಚಹಾ ಕುಡಿಯಲು ನಿಂತ ಐದು ನಿಮಿಷದ ಲೆಕ್ಕ ಕೇಳಲು ಬಳಸಿದರೆ, ಕೆಲಸಗಾರ ಸೆಟ್ಟನ್ನು ಬಂದ್ ಮಾಡುವ ಉಪಾಯ ಕಲಿಯುತ್ತಾನೆ. ಅನಾಹುತದ ದಿನವೂ ಅದು ಬಂದಾಗಿಯೇ ಇರುತ್ತದೆ. ಆದುದರಿಂದ ಠಿಕಾಣಿ ಕೆಲಸದ ವೇಳೆಯಲ್ಲಿ ಮಾತ್ರ ಕಾಣಬೇಕು. ನೋಡಿದವರ ಹೆಸರು ದಾಖಲಾಗಬೇಕು. ಅವಧಿ ಮುಗಿದ ದಾಖಲೆಯನ್ನು ಅಳಿಸಬೇಕು. ಕಳೆದುಹೋದ ಸೆಟ್ಟನ್ನು ಕೂಡಲೇ ಜಾಲದಿಂದ ಕಿತ್ತುಹಾಕಬೇಕು. ದಳಗಳು ಜಾಲವನ್ನು ಹಂಚಿಕೊಂಡರೂ ಒಂದು ದಳದವರ ಠಿಕಾಣಿ ಇನ್ನೊಂದಕ್ಕೆ ಅಗತ್ಯ ಬಿದ್ದಾಗ ಮಾತ್ರ ಕಾಣಬೇಕು.

ನಮ್ಮ ಪಾಲಿನದೂ ಒಂದಿದೆ. 2008ರ ನವೆಂಬರ್‌ನಲ್ಲಿ ಮುಂಬಯಿಯ ಮೇಲೆ ದಾಳಿಯಾದಾಗ, ಕಮ್ಯಾಂಡೋಗಳು ಹೆಲಿಕಾಪ್ಟರಿನಿಂದ ನರಿಮನ್ ಹೌಸಿನ ಮೇಲೆ ಇಳಿಯುವುದನ್ನು ಟೆಲಿವಿಷನ್ ಆ ಕ್ಷಣದಲ್ಲೇ ತೋರಿಸಿತು. ದಾಳಿಕೋರರನ್ನು ನಡೆಸುತ್ತಿದ್ದವರೂ ಟೆಲಿವಿಷನ್ ನೋಡುತ್ತಲೇ ಫೋನಿನಲ್ಲಿ ಸಲಹೆ ಕೊಡುತ್ತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟು ಆ ನೇರ ಪ್ರಸಾರವನ್ನು ಕಟುವಾಗಿ ಖಂಡಿಸಿತು. 2015ರಲ್ಲಿ ಅಂಥ ಪ್ರಸಾರವನ್ನು ನಿಷೇಧಿಸುವ ನಿಯಮ ಬಂತು. ಅಲ್ಲಿ ಯಾವ ಬೀಗವನ್ನೂ ಯಾರೂ ಒಡೆಯಬೇಕಾಗಿರಲಿಲ್ಲ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮರಾ ಇದೆ. ಕಾರ್ಯಾಚರಣೆ ನಡೆಯುವಲ್ಲಿ ನಿಂತು, ಯಾರು ಯಾವ ಬಾಗಿಲಿನಿಂದ ಒಳಹೊಕ್ಕರೆಂದು ಊರಿಗೆಲ್ಲ ಕಳಿಸುವ ಮೊದಲು ಒಂದು ಗಳಿಗೆ ಯೋಚಿಸೋಣ. ನಮಗಾಗಿ ಒಳಹೋದವರಿಗೂ ಮನೆಯಲ್ಲಿ ಕಾಯುವವರಿದ್ದಾರಲ್ಲವೇ?