ರಾಜ್ಯಸಭೆಯ ನಾಲ್ಕನೆಯ ಸ್ಥಾನ: ಎರಡನೆಯ ಪ್ರಾಶಸ್ತ್ಯದ ಬೆಲೆ

2022ರ ಜೂನ್ 10ರಂದು ಕರ್ನಾಟಕದಿಂದ ರಾಜ್ಯಸಭೆಯ ನಾಲ್ಕು ಸ್ಥಾನಗಳಿಗೆ ನಡೆದ ಚುನಾವಣೆಯ ಫಲಿತಾಂಶವು ಮೇಲುನೋಟಕ್ಕೆ ಒಗಟಿನಂತೆ ತೋರುತ್ತದೆ. ಮೊದಲ ಪ್ರಾಶಸ್ತ್ಯದ ಮತಗಳು ಹೀಗಿದ್ದವು: ಭಾರತೀಯ ಜನತಾ ಪಕ್ಷದ ನಿರ್ಮಲಾ ಸೀತಾರಾಮನ್ 46, ಜಗ್ಗೇಶ್ 44, ಲೆಹರ್ ಸಿಂಗ್ 33, ಕಾಂಗ್ರೆಸ್ಸಿನ ಜೈರಾಮ್ ರಮೇಶ್ 46, ಮನ್ಸೂರ್ ಅಲಿ ಖಾನ್ 25, ಜಾತ್ಯತೀತ ಜನತಾದಳದ ಕುಪೇಂದ್ರ ರೆಡ್ಡಿ 30. ಗೆಲುವಿಗೆ 45 ಮತಗಳು ಬೇಕೆಂದು ಎಣಿಸಲಾಗಿದ್ದರೂ 33 ಮತಗಳ ಲೆಹರ್ ಸಿಂಗ್ ಆಯ್ಕೆಯಾದರು.

ಇದರ ಕಾರಣವು ಸಂವಿಧಾನದ 80ನೆಯ ಅನುಚ್ಛೇದವು ವಿಧಿಸಿರುವ ಏಕ ವರ್ಗಾವಣೀಯ ಮತಪದ್ಧತಿಯಲ್ಲಿದೆ. ಪ್ರತಿ ಮತಪತ್ರದ ಮೌಲ್ಯ 100. ಒಟ್ಟು 224 ಮತಗಳ 22,400ನ್ನು, ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಾದ 5ರಿಂದ ಭಾಗಿಸಿ 1ನ್ನು ಕೂಡಿಸಿದರೆ ದೊರೆಯುವ 4,481 ಗೆಲುವಿನ ಕೋಟಾ. 46 ಮತ ಪಡೆದ ಇಬ್ಬರ ಹೆಚ್ಚುವರಿ ಮೌಲ್ಯ ತಲಾ 119 ಮಾತ್ರ. ಆದುದರಿಂದ ನಿರ್ಣಾಯಕವಾದುದು, ಎಲ್ಲರಿಗಿಂತ ಕೆಳಗಿದ್ದ ಅಭ್ಯರ್ಥಿಯ 25 ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯ.

ಕೆಳಗಿನ ಅಭ್ಯರ್ಥಿಯನ್ನು ಕೈಬಿಟ್ಟಾಗ ಆತನ ಮತಗಳು ಮುಂದಿನ ಗುರುತಿನಂತೆ ವರ್ಗಾವಣೆಯಾಗುತ್ತವೆ. ಗುರುತಿಲ್ಲದ ಪತ್ರಗಳು ಲೆಕ್ಕದಿಂದ ಹೊರಬೀಳುತ್ತವೆ. ಕಡೆಗೆ ಉಳಿದ ಸ್ಥಾನವು, ಕೋಟಾ ತಲುಪದಿದ್ದರೂ, ಉಳಿದವರಲ್ಲಿ ಮುಂದಿರುವವರಿಗೆ ಸಲ್ಲುತ್ತದೆ. ಆ 25 ಮತಗಳು ಕುಪೇಂದ್ರ ರೆಡ್ಡಿಯವರತ್ತ ಹರಿದಿದ್ದರೆ ಅವರ ಬಲ 55ಕ್ಕೇರಿ ಕೋಟಾವನ್ನೇ ಮೀರುತ್ತಿತ್ತು. ಹಾಗಾಗಲಿಲ್ಲ. ಇಲ್ಲಿ ಸ್ಥಾನವನ್ನು ತೀರ್ಮಾನಿಸಿದ್ದು ಪಕ್ಷಗಳ ಸಂಖ್ಯಾಬಲವಷ್ಟೇ ಅಲ್ಲ. ಮತಪತ್ರದಲ್ಲಿ ‘2’ ಎಂಬ ಅಂಕಿಯನ್ನು ಯಾರೆದುರು ಬರೆಯಬೇಕೆಂಬುದರ ಬಗೆಗೆ ಎರಡು ಪಕ್ಷಗಳ ನಡುವೆ ಕೂಡಿಬಾರದ ಒಪ್ಪಂದವೂ ಹೌದು.